ಊರಲ್ಲಿ ಕುಟುಂಬ ಯೋಜನೆ ಸಂಘ ಶುರು ಮಾಡೋದು ಹೇಗೆ: ದಾವಣಗೆರೆ–ಚಿತ್ರದುರ್ಗ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ಸ್ತ್ರೀಶಕ್ತಿ ಸಂಘದವರು, ಯುವಕ ಸಂಘದ ಹುಡುಗ್ರು, ನರ್ಸ್ ಕೆಲಸದಿಂದ ರಿಟೈರ್ ಆದ ಅಕ್ಕಂದಿರು, ಹೀಗೆ ಸುಮಾರು ಜನ ಕೇಳ್ತಿರ್ತಾರೆ, ನಮ್ಮೂರಲ್ಲಿ ಹೆಣ್ಮಕ್ಕಳ ಆರೋಗ್ಯಕ್ಕೆ, ಕುಟುಂಬ ಯೋಜನೆಗೆ ಏನಾದ್ರೂ ಮಾಡ್ಬೇಕು ಅಂತಿದೀವಿ, ಎಲ್ಲಿಂದ ಶುರು ಮಾಡೋದು ಅಂತ. ಬಹಳ ಜನರ ತಲೆಗೆ ಮೊದಲು ಬರೋದು ಒಂದು ಕ್ಲಿನಿಕ್ ತೆಗೆಯೋಣ ಅಂತ, ಇಲ್ಲಾಂದ್ರೆ ಕ್ಯಾಂಪ್ ಮಾಡಿ ಬ್ಯಾನರ್ ಕಟ್ಟಿ ಫೋಟೋ ಹೊಡ್ಸೋಣ ಅಂತ. ಎರಡೂ ಬೇಡ. ನಿರೋಧ್, ಮಾತ್ರೆ, ಇಂಜೆಕ್ಷನ್, ವಂಕಿ (ಕಾಪರ್-ಟಿ), ಆಪರೇಷನ್ ಎಲ್ಲಾ ಸರ್ಕಾರಿ ಆಸ್ಪತ್ರೆಲಿ ಫ್ರೀ ಸಿಗುತ್ತೆ. ಸಿಗದೇ ಇರೋದು ಅಂದ್ರೆ ಕೊಟ್ಟ ಮೇಲೆ ಹತ್ತು ದಿನ ಬಿಟ್ಟು ಮನೆಗೆ ಹೋಗಿ "ಹೆಂಗಿದೀಯವ್ವಾ, ಏನಾದ್ರೂ ತೊಂದ್ರೆ ಐತಾ" ಅಂತ ಕೇಳೋ ಜನ. ನಿಮ್ಮ ಸಂಘ ಆ ಕೆಲಸ ಒಂದನ್ನ ನೆಟ್ಟಗೆ ಮಾಡಿದ್ರೂ ಸಾಕು, ಈ ಗೈಡ್ ಪೂರ್ತಿ ಅದರ ಸುತ್ತಾನೇ ಇದೆ.

ಹಿನ್ನೆಲೆ ಸ್ವಲ್ಪ. ಇದೇನು ಹೊಸ ವಿಷಯ ಅಲ್ಲ ನಮಗೆ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು, ಚಿತ್ರದುರ್ಗ ಆಗ ಅದೇ ಸಂಸ್ಥಾನದಲ್ಲಿತ್ತು, ದಾವಣಗೆರೆ 1997ರವರೆಗೂ ಚಿತ್ರದುರ್ಗ ಜಿಲ್ಲೆಲೇ ಇತ್ತು. ಭಾರತ ಕುಟುಂಬ ಯೋಜನಾ ಸಂಘ ಹುಟ್ಟಿದ್ದು 1949ರಲ್ಲಿ, ಭಾರತ ಸರ್ಕಾರದ ಕಾರ್ಯಕ್ರಮ ಶುರುವಾಗಿದ್ದು 1952ರಲ್ಲಿ, ಅಂದ್ರೆ ಸಂಘ ಸಂಸ್ಥೆಯವರೇ ಕೇಂದ್ರ ಸರ್ಕಾರಕ್ಕಿಂತ ಮುಂಚೆ ಇಳಿದಿದ್ರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಮಗಳಿಗೆ ಸರಾಸರಿ 1.7 ಮಕ್ಕಳು, ಹಾಗಾಗಿ "ಜನ ಜಾಸ್ತಿ ಆದ್ರು" ಅನ್ನೋ ಹಳೇ ಭಾಷಣ ಬಿಟ್ಟುಬಿಡಿ. ನಿಜವಾದ ತೊಂದ್ರೆ ಬೇರೆ. ಅದೇ ಸಮೀಕ್ಷೆಲಿ ಮದುವೆಯಾದ ಹೆಣ್ಮಕ್ಕಳಲ್ಲಿ ನೂರಕ್ಕೆ 57 ಜನ ಆಪರೇಷನ್ ಆದವರು, ಗಂಡಸರ ಆಪರೇಷನ್ ನೂರಕ್ಕೆ ಒಂದೂ ಇಲ್ಲ. ಬೇಗ ಮದುವೆ, ಹಿಂದೆ ಹಿಂದೇನೇ ಎರಡು ಹೆರಿಗೆ, ಆಮೇಲೆ ಆಪರೇಷನ್, ನಡುವೆ ಅಂತರ ಇಡೋ ದಾರಿ ಇತ್ತು ಅಂತ ಯಾರೂ ಅವಳಿಗೆ ಹೇಳಿರಲ್ಲ.

ಹೆಜ್ಜೆ 1: ಜಾಗ ಸಣ್ಣದಾಗಿ ಹಿಡೀರಿ, ಇರೋದನ್ನ ನೋಡ್ಕೊಳ್ಳಿ

ತಾಲ್ಲೂಕಿಗೇ ಕೈ ಹಾಕ್ಬೇಡಿ. ಹಳ್ಳಿಲಾದ್ರೆ ಒಂದು ಉಪಕೇಂದ್ರಕ್ಕೆ ಸೇರಿದ ಊರುಗಳು, ಸಿಟಿಲಾದ್ರೆ ಒಂದು ವಾರ್ಡ್. ದಾವಣಗೆರೆಲಿ ಮಂಡಕ್ಕಿ ಭಟ್ಟಿ ಏರಿಯಾ ಒಂದನ್ನೇ ತಗೊಂಡ್ರೂ ವರ್ಷಗಟ್ಟಲೆ ಕೆಲಸ ಇದೆ. ಅಲ್ಲಿ ಆಶಾ ಯಾರು, ಉಪಕೇಂದ್ರದ ನರ್ಸಮ್ಮ ಯಾರು (ಈಗ ಅವರ ಹುದ್ದೆಗೆ ಬೇರೆ ದೊಡ್ಡ ಹೆಸರು ಬಂದಿದೆ, ಊರಲ್ಲಿ ನರ್ಸಮ್ಮ ಅಂತಾನೇ ಕರೀತಾರೆ), ಅಂಗನವಾಡಿ ಟೀಚರ್ ಯಾರು ಅಂತ ಪಟ್ಟಿ ಮಾಡಿ ಮೊದಲು ಅವರ ಹತ್ರ ಹೋಗಿ. ಆಶಾಗಳಿಗೆ ಮೊದಲೇ ಹೇಳಿ, ನಿಮ್ಮ ಕೇಸ್ ನಾವು ಕಿತ್ಕೊಳ್ಳಲ್ಲ, ನಿಮ್ಮ ಪ್ರೋತ್ಸಾಹಧನ ನಿಮ್ಮದೇ ಅಂತ. ಇದನ್ನ ಬಾಯಿಬಿಟ್ಟು ಹೇಳದೇ ಹೋದ್ರೆ ಒಳಗೊಳಗೇ ಜಗಳ ಶುರುವಾಗುತ್ತೆ, ಸಂಘ ಅಲ್ಲಿಗೆ ಮುಗೀತು ಅನ್ಕೊಳ್ಳಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳ್ಬೇಕಾಗಿರೋದು: ವಂಕಿ ಹಾಕೋಕೆ ಟ್ರೈನಿಂಗ್ ಆದವರು ಯಾರು, ಯಾವ ವಾರ ಇರ್ತಾರೆ. ಬಸಿರು ತಡೆಯೋ ಅಂತರಾ ಇಂಜೆಕ್ಷನ್ ಮೊದಲನೇ ಡೋಸ್‌ಗೆ ಯಾವ ಡಾಕ್ಟರನ್ನ ನೋಡ್ಬೇಕು. ಹೆಣ್ಮಕ್ಕಳ ಆಪರೇಷನ್ ಯಾವ ಆಸ್ಪತ್ರೆಲಿ ಯಾವ ದಿನ. ಗಂಡಸರ ಆಪರೇಷನ್ ಮಾಡೋ ಡಾಕ್ಟರ್ ತಾಲ್ಲೂಕಲ್ಲಿ ಇದಾರಾ, ಇಲ್ಲ ಜಿಲ್ಲಾಸ್ಪತ್ರೆಗೇ ಹೋಗ್ಬೇಕಾ (ದಾವಣಗೆರೆಯವರಿಗೆ ಅದು ಚಿಗಟೇರಿ ಆಸ್ಪತ್ರೆ). ಕಾನೂನು ಪ್ರಕಾರ ಗರ್ಭಪಾತ ಎಲ್ಲಿ ಮಾಡ್ತಾರೆ. ಇಷ್ಟನ್ನ ಒಂದು ಹಾಳೆಲಿ ಬರ್ದು ಸಂಘದ ಪ್ರತಿಯೊಬ್ಬರ ಹತ್ರ ಇಟ್ಬಿಡಿ. "ತಾಲ್ಲೂಕು ಆಸ್ಪತ್ರೆಗೆ ಹೋಗವ್ವಾ" ಅಂತ ಸುಮ್ನೆ ಕಳ್ಸಿ, ಅವಳು ಒಂದು ದಿನದ ಕೂಲಿ ಬಿಟ್ಟು ಬಸ್ ಚಾರ್ಜ್ ಕೊಟ್ಟು ಜಗಳೂರಿಗೆ ಹೋದಾಗ "ಇವತ್ತು ಡಾಕ್ಟರ್ ರಜೆ" ಅಂದ್ರೆ ಎರಡನೇ ಸಲ ಅವಳು ಬರಲ್ಲ.

ಪಂಚಾಯ್ತಿ ಕೆಳಗೆ ಊರು ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಇರುತ್ತೆ, ಪೇಪರ್ ಮೇಲಾದ್ರೂ. ಅದರಲ್ಲಿ ನಿಮ್ಮ ಒಬ್ಬ ಸದಸ್ಯೆನ ಸೇರಿಸಿ ಅಂತ ಪಂಚಾಯ್ತಿಲಿ ಕೇಳಿ.

ಹೆಜ್ಜೆ 2: ಜನ ಆರಿಸ್ಕೊಳ್ಳೋದು

ಓದಿದವರೇ ಬೇಕು ಅಂತಿಲ್ಲ. ಗುಟ್ಟು ಉಳಿಸ್ಕೊಳ್ಳೋರು ಬೇಕು. ಊರ ಸುದ್ದಿಯೆಲ್ಲಾ ಗೊತ್ತಿರೋ ಚುರುಕಾದ ಅಕ್ಕ ಒಬ್ಬರು ಎಲ್ಲಾ ಊರಲ್ಲೂ ಇರ್ತಾರೆ, ಅವರು ಜನ ಸೇರಿಸೋಕೆ ಬಾಳ ಉಪಯೋಗ, ಆದ್ರೆ ಮನೆ ಭೇಟಿಗೆ ಕಳಿಸ್ಬೇಡಿ. ನಿಮ್ಮ ಜಾಗದಲ್ಲಿ ಯಾವ್ಯಾವ ಜನ ಇದಾರೋ ಅವರ ಪೈಕಿಯವರೇ ತಂಡದಲ್ಲಿರಲಿ. ನ್ಯಾಮತಿ, ಹೊನ್ನಾಳಿ, ಹೊಸದುರ್ಗದ ಕಡೆ ತಾಂಡಾ ಇದ್ರೆ ಲಂಬಾಣಿ ಮಾತಾಡೋ ಹೆಣ್ಮಗಳು, ದಾವಣಗೆರೆ ಹಳೇ ಪೇಟೆ ಕಡೆ ಉರ್ದು ಮಾತಾಡೋರು. ಇಬ್ಬರು ಗಂಡಸರು ಇರ್ಲೇಬೇಕು, ಅದರಲ್ಲೂ ಮದುವೆಯಾದವರು.

ಗೊಲ್ಲರಹಟ್ಟಿಗಳ ವಿಷಯಕ್ಕೆ ಒಂದು ಮಾತು. ಚಿತ್ರದುರ್ಗ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದಾಗ, ಹೆರಿಗೆಯಾದಾಗ ಹಟ್ಟಿ ಹೊರಗೆ ಇರೋ ಪದ್ಧತಿ ಇನ್ನೂ ಇದೆ. ಅಲ್ಲಿ ಮೊದಲನೇ ದಿನವೇ ಭಾಷಣಕ್ಕೆ ನಿಂತ್ರೆ ಎರಡನೇ ದಿನ ಯಾರೂ ಬಾಗಿಲು ತೆಗೆಯಲ್ಲ. ಬಾಣಂತಿ ಇರೋ ಕಡೆಗೇ ನೀವೇ ಹೋಗಿ ಕೂರಿ, ರಕ್ತ ಜಾಸ್ತಿ ಹೋಗ್ತಿದ್ಯಾ, ಜ್ವರ ಇದ್ಯಾ, ಮಗು ಹಾಲು ಕುಡೀತಿದ್ಯಾ ನೋಡಿ, ನರ್ಸಮ್ಮನ್ನ ಅಲ್ಲಿಗೇ ಕರ್ಕೊಂಡು ಬನ್ನಿ. ಹಿರಿ ಹೆಂಗಸರು ನಿಮ್ಮನ್ನ ನಂಬೋಕೆ ಶುರು ಮಾಡಿದ ಮೇಲೆ ಮನೆ ಒಳಗೇ ಇರಿಸೋ ಮಾತು ತೆಗೀಬಹುದು, ಅಲ್ಲಿವರೆಗೂ ತಾಳ್ಮೆ ಬೇಕು.

ಹೆಜ್ಜೆ 3: ರಿಜಿಸ್ಟ್ರೇಷನ್ನು, ಪರ್ಮಿಷನ್ನು

ಬೇಜಾರಿನ ಕೆಲಸ, ಬೇಗ ಮುಗಿಸ್ಬಿಡೋಣ. ಈಗಾಗ್ಲೇ ನೋಂದಣಿಯಾದ ಮಹಿಳಾ ಸಂಘವೋ ಯುವಕ ಸಂಘವೋ ಇದ್ರೆ ಹೊಸದು ಮಾಡ್ಬೇಡಿ, ಅದರ ಬೈಲಾದಲ್ಲೇ ಆರೋಗ್ಯದ ಉದ್ದೇಶ ಸೇರಿಸಿ. ಹೊಸದಾಗಿ ಅಂದ್ರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ, ಕನಿಷ್ಠ 7 ಜನ, ಸಹಕಾರ ಇಲಾಖೆಯ ಜಿಲ್ಲಾ ಕಚೇರಿಲಿ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಸಂಘ ಸಂಸ್ಥೆಗಳಿಗಾಗಿ ಇರೋ ಸರ್ಕಾರದ ದರ್ಪಣ್ ಪೋರ್ಟಲ್‌ನಲ್ಲಿ ನೋಂದಣಿ. ವರ್ಷಾ ವರ್ಷ ಸರ್ವ ಸದಸ್ಯರ ಸಭೆ ಮಾಡಿ ಲೆಕ್ಕಪತ್ರ ಸಲ್ಲಿಸ್ಬೇಕು, ಇದನ್ನ ಮರೆತು ಎಷ್ಟೋ ಒಳ್ಳೇ ಸಂಘಗಳು ಸತ್ತ ಹಾಗಾಗಿವೆ. ವಿದೇಶದ ದುಡ್ಡು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯೀನೂ ಮುಟ್ಟೋ ಹಾಗಿಲ್ಲ.

ಇಂಜೆಕ್ಷನ್ ಹಾಕೋದು, ವಂಕಿ ಹಾಕೋದು, ಗರ್ಭಪಾತದ ಮಾತ್ರೆ ಕೊಡೋದು ಸಂಘದ ಕೆಲಸ ಅಲ್ಲ, ಯಾರು ಎಷ್ಟೇ ಒತ್ತಾಯ ಮಾಡ್ಲಿ. ಚಿಕಿತ್ಸೆ ಕೊಡೋ ಜಾಗ ಅಂದ ಮೇಲೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ ಕೆಪಿಎಂಇ ಬರುತ್ತೆ. ನೀವು ಮಾಹಿತಿ ಕೊಡೋರು, ಜೊತೆಗೆ ಹೋಗೋರು, ಆಮೇಲೆ ವಿಚಾರಿಸೋರು. ತಾಲ್ಲೂಕು ಆರೋಗ್ಯಾಧಿಕಾರಿಗೆ ಒಂದು ಪತ್ರ ಕೊಟ್ಟು, ನಿರೋಧ್ ನಿಮ್ಮ ಹತ್ರನೂ ಸ್ಟಾಕ್ ಇಟ್ಕೊಳ್ಳೋಕೆ ಒಪ್ಪಿಗೆ ತಗೊಳ್ಳಿ, ಪತ್ರದ ಮೇಲೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು ಮರೀಬೇಡಿ.

ಹೆಜ್ಜೆ 4: ವಿಧಾನಗಳನ್ನ ಅರ್ಧಂಬರ್ಧ ಕಲೀಬೇಡಿ

ಇದಕ್ಕೆ ಟೈಮ್ ಕೊಡಿ. ನರ್ಸಮ್ಮನ್ನ ಕೂರಿಸ್ಕೊಂಡು ಒಂದೊಂದು ವಿಧಾನ ಒಂದೊಂದು ದಿನ. "ಇದು ಒಳ್ಳೇದು" ಅನ್ನೋದು ಯಾರಿಗೂ ಉಪಯೋಗ ಇಲ್ಲ, ತಗೊಂಡ ಮೇಲೆ ಮೈಯಲ್ಲಿ ಏನಾಗುತ್ತೆ ಅನ್ನೋದೇ ಹೆಣ್ಮಕ್ಕಳಿಗೆ ಬೇಕಾಗಿರೋದು.

ಮಾಲಾ-ಎನ್: ದಿನಾ ನುಂಗೋ ಮಾತ್ರೆ. ಒಂದು ಪಟ್ಟಿಲಿ 28 ಮಾತ್ರೆ, 21 ಹಾರ್ಮೋನ್, 7 ಕಬ್ಬಿಣದ್ದು. ದಿನಾ ಒಂದೇ ಹೊತ್ತಿಗೆ. ಆರು ತಿಂಗಳ ಒಳಗಿನ ಎದೆಹಾಲು ಕುಡಿಯೋ ಮಗು ಇದ್ರೆ, ಬಿಪಿ ಇದ್ರೆ ಬೇಡ. ಹಾಗಾಗಿ ಮೊದಲ ಸಲ ನರ್ಸಮ್ಮನೋ ಡಾಕ್ಟರೋ ನೋಡ್ಲೇಬೇಕು.

ಛಾಯಾ: ಇದೂ ಮಾತ್ರೆನೇ, ಆದ್ರೆ ಇದರಲ್ಲಿ ಹಾರ್ಮೋನ್ ಇಲ್ಲ, ಲಕ್ನೋದ ಸರ್ಕಾರಿ ಔಷಧ ಸಂಶೋಧನಾ ಸಂಸ್ಥೆಲಿ ಕಂಡುಹಿಡಿದಿದ್ದು, ಬಾಣಂತಿಯರೂ ತಗೋಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ನಾಲ್ಕನೇ ತಿಂಗಳಿಂದ ವಾರಕ್ಕೆ ಒಂದೇ ಸಲ. ಭಾನುವಾರ ಶುರು ಮಾಡಿದ್ರೆ ಭಾನುವಾರ–ಬುಧವಾರ, ಆಮೇಲೆ ಬರೀ ಭಾನುವಾರ. ಇಲ್ಲೇ ಎಲ್ಲರೂ ಎಡವೋದು. ದಿನಾ ನುಂಗೋದಾದ್ರೆ ಅಭ್ಯಾಸ ಆಗುತ್ತೆ, ವಾರಕ್ಕೊಂದು ಅಂದ್ರೆ ಮರೆತೇ ಹೋಗುತ್ತೆ. ನಿಮ್ಮೂರ ಸಂತೆ ದಿನವನ್ನೇ ಮಾತ್ರೆ ದಿನ ಮಾಡ್ಕೊಳ್ಳಿ ಅಂತ ಹೇಳಿ, ಸಂತೆ ಯಾರೂ ಮರೆಯಲ್ಲ. ಮರೆತು ಏಳು ದಿನದೊಳಗೆ ನೆನಪಾದ್ರೆ ತಕ್ಷಣ ನುಂಗಿ, ಮುಂದಿನ ಮುಟ್ಟಿನವರೆಗೂ ಜೊತೆಗೆ ನಿರೋಧ್ ಬಳಸ್ಬೇಕು. ಏಳು ದಿನ ದಾಟಿದ್ರೆ ಮತ್ತೆ ಹೊಸಬರ ಹಾಗೆ ಮೊದಲಿಂದ. ಮುಟ್ಟು ತಡವಾಗೋದು, ಕಮ್ಮಿ ಹೋಗೋದು ಆಗ್ಬಹುದು.

ಅಂತರಾ: ಮೂರು ತಿಂಗಳಿಗೊಂದು ಇಂಜೆಕ್ಷನ್. ಛಾಯಾ, ಅಂತರಾ ಎರಡೂ ಸರ್ಕಾರಿ ಕಾರ್ಯಕ್ರಮಕ್ಕೆ ಬಂದಿದ್ದು 2017ರಲ್ಲಿ. ಹೆರಿಗೆಯಾಗಿ ಆರು ವಾರ ಆದ ಮೇಲೆ ಎದೆಹಾಲು ಕೊಡೋರೂ ತಗೋಬಹುದು. ಹಾಕಿದ ಜಾಗ ತಿಕ್ಕಬಾರದು, ಬಿಸಿನೀರು ಕಾವು ಕೊಡಬಾರದು. ಮುಂದಿನ ಡೋಸ್ ಎರಡು ವಾರ ಮುಂಚೆ ಅಥವಾ ನಾಲ್ಕು ವಾರ ತಡವಾದ್ರೂ ನಡೆಯುತ್ತೆ. ಬಿಟ್ಟ ಮೇಲೆ ಮತ್ತೆ ಬಸಿರಾಗೋಕೆ ಏಳರಿಂದ ಹತ್ತು ತಿಂಗಳು ಹಿಡೀಬಹುದು ಅನ್ನೋದನ್ನ ಮೊದಲೇ ಹೇಳಿ, ಆಮೇಲೆ ಹೇಳಿದ್ರೆ ಅತ್ತೆ ನಿಮ್ಮನ್ನ ಬೈಯ್ತಾರೆ.

ವಂಕಿ: ಎರಡು ಥರ ಇದೆ, 380ಎ ಅನ್ನೋದು ಹತ್ತು ವರ್ಷ ನಡೆಯುತ್ತೆ, 375 ಅನ್ನೋದು ಐದು ವರ್ಷ. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸ್ಬಹುದು, ಇಲ್ಲಾಂದ್ರೆ ಆರು ವಾರದ ನಂತರ. ಹೆರಿಗೆ ವಾರ್ಡಲ್ಲಿ ಹಾಕೋದಾದ್ರೆ ಒಪ್ಪಿಗೆ ಬಸಿರಿದ್ದಾಗಲೇ ಮಾತಾಡಿ ತಗೊಂಡಿರ್ಬೇಕು, ನೋವಲ್ಲಿ ಒದ್ದಾಡೋ ಹುಡುಗಿ ಹತ್ರ "ಹಾಕ್ಲಾ" ಅಂತ ಕೇಳಿದ್ರೆ ಅದು ಒಪ್ಪಿಗೆನೇ ಅಲ್ಲ. ತೆಗೆಸ್ಬೇಕು ಅಂದಾಗ ತೆಗೆಸೋ ಹಕ್ಕೂ ಅವಳದೇ, ಯಾರಾದ್ರೂ ಓಡಾಡಿಸಿದ್ರೆ ಜೊತೆಗೆ ಹೋಗಿ ನಿಲ್ಲಿ.

ಹೆಣ್ಮಕ್ಕಳ ಆಪರೇಷನ್: ವಯಸ್ಸು 22ರಿಂದ 49, ಕನಿಷ್ಠ ಒಂದು ಮಗು ಇದ್ದು ಅದಕ್ಕೆ ವರ್ಷ ತುಂಬಿರ್ಬೇಕು. ಗಂಡನ ಸಹಿ ಬೇಕಿಲ್ಲ, ಈ ಮಾತು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸ್‌ಪುರದಲ್ಲಿ ಕ್ಯಾಂಪ್ ಮಾಡಿ ಹೆಣ್ಮಕ್ಕಳು ಸತ್ತ ಮೇಲೆ 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಕ್ಯಾಂಪ್ ನಿಲ್ಲಿಸ್ಬೇಕು ಅಂತ ಹೇಳ್ತು. ಆದ್ದರಿಂದ ಯಾರಾದ್ರೂ ಶಾಲೆ ಕಟ್ಟಡದಲ್ಲಿ ಕ್ಯಾಂಪ್ ಮಾಡೋಣ ಅಂತ ಬಂದ್ರೆ ಕೈ ಮುಗಿದು ಕಳಿಸಿ. ಆಪರೇಷನ್ ಆದ ಮೇಲೂ ಬಸಿರಾದ್ರೆ ಸರ್ಕಾರದ ಪರಿಹಾರ ಇದೆ, ಗೊತ್ತಾದ 90 ದಿನದೊಳಗೆ ಅರ್ಜಿ ಹಾಕ್ಬೇಕು, ಹಾಗಾಗಿ ಆಪರೇಷನ್ ಸರ್ಟಿಫಿಕೇಟ್ ಟ್ರಂಕಲ್ಲಿ ಜೋಪಾನ ಮಾಡಿಸಿ.

ಇನ್ನು ತುರ್ತು ಮಾತ್ರೆ, 72 ಗಂಟೆಯೊಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ತಿಂಗಳಾ ತಿಂಗಳಾ ನುಂಗೋಕಲ್ಲ. ಆಶಾ ಹತ್ರಾನೂ ಇರುತ್ತೆ.

ಹೆಜ್ಜೆ 5: ಮಾತಾಡೋದು, ಆಮೇಲೆ ಹಿಂದೆ ಬಿದ್ದು ವಿಚಾರಿಸೋದು

ಹತ್ತು ಜನ ಕೂರಿಸಿ ಚಾರ್ಟ್ ತೋರ್ಸೋದು ಒಂದು ಸಲಕ್ಕೆ ಸರಿ, ನಿಜವಾದ ಪ್ರಶ್ನೆ ಬರೋದು ಎಲ್ಲಾ ಎದ್ದು ಹೋದ ಮೇಲೆ. ಭಟ್ಟಿ ಏರಿಯಾದಲ್ಲಿ ಒಬ್ಬ ಹೆಣ್ಮಗಳು ಮಂಡಕ್ಕಿ ಚೀಲದ ಮೇಲೆ ಕೂತು, ಸೆರಗಲ್ಲಿ ಮುಖ ಒರೆಸ್ಕೊಂತಾ ಕೇಳಿದ್ದು ಹೀಗೆ: "ಅಕ್ಕಾ, ಆ ಸೂಜಿ ಹಾಕಿಸ್ಕಂಡ್ರೆ ಮುಟ್ಟು ನಿಂತೋಗ್ತೈತಂತೆ, ಕೆಟ್ಟ ರಕ್ತ ಎಲ್ಲಾ ಒಳಗೇ ಕಟ್ಕಂತೈತಂತಲ್ಲ, ಗಡ್ಡೆ ಆಗಲ್ವಾ?" ಈ ಪ್ರಶ್ನೆಗೆ "ಏನೂ ಆಗಲ್ಲ ಬಿಡು" ಅಂದ್ರೆ ಅವಳು ನಂಬಲ್ಲ. "ತಿಂಗಳಾ ತಿಂಗಳಾ ಗರ್ಭಕೋಶದ ಒಳಗೆ ಒಂದು ಪದರ ದಪ್ಪ ಆಗಿ, ಬಸಿರು ನಿಲ್ಲದೇ ಇದ್ರೆ ಅದು ಕಳಚಿ ಹೋಗೋದೇ ಮುಟ್ಟು. ಸೂಜಿ ಹಾಕಿದ ಮೇಲೆ ಆ ಪದರ ದಪ್ಪ ಆಗೋದೇ ಇಲ್ಲ, ಆಗದೇ ಇರೋದು ಎಲ್ಲಿಂದ ಕಟ್ಕಣಾದು?" ಅಂದಾಗ ಅವಳು ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾದ್ರೆ ನಮ್ಮತ್ತಿಗೂ ನೀವೇ ಹೇಳ್ರಿ" ಅಂದ್ಲು. ಅಲ್ಲಿಗೆ ಅರ್ಧ ಕೆಲಸ ಆಯ್ತು.

ಉಳಿದರ್ಧ ಫಾಲೋ-ಅಪ್. ಅಂತರಾ ಹಾಕಿಸ್ಕೊಂಡ ಮೊದಲ ಮೂರರಿಂದ ಆರು ತಿಂಗಳು ರಕ್ತಸ್ರಾವ ಹೆಚ್ಚು ಕಮ್ಮಿ ಆಗುತ್ತೆ, ಕೆಲವರಿಗೆ ಹದಿನೈದು ದಿನ ಹನಿ ಹನಿ ಕಾಣುತ್ತೆ, ಆವಾಗಲೇ ಹೆದರಿ ಬಿಡೋದು, ಬಿಟ್ಟವಳು ನಾಲ್ಕು ಮನೆಗೆ ಹೇಳೋದು. ವಂಕಿಗೂ ಹಾಗೆ, ಮೊದಲ ಮೂರು ತಿಂಗಳು ರಕ್ತ ಜಾಸ್ತಿ, ಹೊಟ್ಟೆನೋವು. ಅದಕ್ಕೇ ಒಂದು ನೋಟ್‌ಬುಕ್ ಇಡಿ: ಕೋಡ್ ನಂಬರ್, ವಿಧಾನ, ಶುರು ಮಾಡಿದ ದಿನ, ಮುಂದಿನ ದಿನ, ಏನು ತೊಂದ್ರೆ ಹೇಳಿದ್ಲು. ಹೆಸರು ಬರೀಬೇಡಿ, ಯಾವ ಕೋಡ್ ಯಾರದು ಅನ್ನೋ ಪಟ್ಟಿ ಬೇರೆ ಪುಸ್ತಕದಲ್ಲಿ, ಬೇರೆಯವರ ಮನೆಲಿ. ಮೊದಲ ಭೇಟಿ ಒಂದೆರಡು ವಾರಕ್ಕೆ, ಆಮೇಲೆ ತಿಂಗಳಿಗೆ, ಆಮೇಲೆ ಡೋಸ್ ದಿನಕ್ಕೆ ಒಂದು ವಾರ ಮುಂಚೆ. ವಿಪರೀತ ರಕ್ತ ಹೋಗೋದು, ಕೆಳಹೊಟ್ಟೆ ಜೋರಾಗಿ ನೋಯೋದು, ಜ್ವರ, ವಾಸನೆ ಇರೋ ಬಿಳಿ ಹೋಗೋದು, ಎದೆನೋವು, ಕಾಲು ಮೀನಖಂಡ ಊದಿ ನೋಯೋದು ಇದ್ರೆ ಕಾಯ್ಬೇಡಿ, ಅವತ್ತೇ ಆಸ್ಪತ್ರೆ, ಬೇಕಾದ್ರೆ 108.

ಫೋನ್ ಗಂಡನ ಕೈಲಿರುತ್ತೆ ಅನ್ನೋದು ನೆನಪಿರಲಿ. "ನಿಮ್ಮ ಇಂಜೆಕ್ಷನ್ ದಿನ ಬಂತು" ಅಂತ ಮೆಸೇಜ್ ಹಾಕಿದ್ರೆ ಕೆಲವು ಮನೇಲಿ ಹೊಡೆತ ಬೀಳುತ್ತೆ. "ಸಂಘದ ಕಂತು ಕಟ್ಟೋ ದಿನ" ಅಂತ ಮೊದಲೇ ಮಾತಾಡ್ಕೊಳ್ಳಿ. ಅಂತರಾ ಕಾರ್ಡ್ ಮನೇಲಿ ಇಡೋಕಾಗಲ್ಲ ಅಂದ್ರೆ ಆಶಾ ಹತ್ರ ಇರಲಿ. ಸಂಘದ ವಾಟ್ಸಾಪ್ ಗ್ರೂಪಲ್ಲಿ ಫೋಟೋ, ಹೆಸರು, ಸ್ಕ್ಯಾನ್ ರಿಪೋರ್ಟ್ ಏನೂ ಬರಬಾರದು. ಮೊಳಕಾಲ್ಮೂರು, ಜಗಳೂರು ಕಡೆಯಿಂದ ಬೆಂಗಳೂರಿಗೋ ಕಾಫಿ ಎಸ್ಟೇಟಿಗೋ ಗುಳೆ ಹೋಗೋರು ಕಾರ್ಡನ್ನ ಜೊತೆಗೇ ಒಯ್ಯಲಿ, ಅಲ್ಲಿನ ಸರ್ಕಾರಿ ಆಸ್ಪತ್ರೆಲೇ ಮುಂದಿನ ಡೋಸ್ ಕೇಳ್ಬಹುದು.

ಹೆಜ್ಜೆ 6: ಗಂಡಸರು

ಗಂಡಸರ ಆಪರೇಷನ್, ಎನ್‌ಎಸ್‌ವಿ ಅಂತಾರೆ, ಹೊಲಿಗೆ ಇಲ್ಲ, ಅವತ್ತೇ ಮನೆಗೆ ಬರಬಹುದು, ಹೆಣ್ಮಕ್ಕಳ ಆಪರೇಷನ್‌ಗಿಂತ ಸುಲಭ. ಆದ್ರೂ "ಶಕ್ತಿ ಹೋಗುತ್ತೆ, ಗೊಬ್ಬರದ ಮೂಟೆ ಎತ್ತೋಕಾಗಲ್ಲ" ಅನ್ನೋ ಭಯ. ಇದನ್ನ ಹೆಂಗಸರು ಹೇಳಿದ್ರೆ ಕೇಳಲ್ಲ, ಆಪರೇಷನ್ ಆದ ಗಂಡಸೇ ಬಂದು ಕಟ್ಟೆ ಮೇಲೆ ಕೂತು ಹೇಳ್ಬೇಕು, ಅಂಥವರು ಒಬ್ಬರು ಸಿಕ್ಕಿದ್ರೂ ಬಂಗಾರ. ಆಪರೇಷನ್ ಆದ ತಕ್ಷಣ ಪರಿಣಾಮ ಇರಲ್ಲ, ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೇ ನಿಶ್ಚಿಂತೆ. ಇದನ್ನ ಹೇಳದೇ ಬಿಟ್ಟು ಹೆಂಡತಿ ಬಸಿರಾದ್ರೆ ಮನೇಲಿ ಅನುಮಾನ ಹುಟ್ಟುತ್ತೆ, ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಹೇಳೋದೇ ಬೇಡ. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇಲಾಖೆ ಇದಕ್ಕೇ ಪಾಕ್ಷಿಕ ಮಾಡುತ್ತೆ, ನಿಮ್ಮ ಕಟ್ಟೆ ಮಾತು ಅದಕ್ಕಿಂತ ಮುಂಚೆ ಶುರುವಾಗಿರಲಿ. ನಿರೋಧ್ ಅನ್ನ ಸಂಘದ ಆಫೀಸಲ್ಲಿ ಬೀಗ ಹಾಕಿ ಇಡಬೇಡಿ, ಕಟಿಂಗ್ ಶಾಪ್, ಗ್ಯಾರೇಜ್, ಅಡಿಕೆ ಖೇಣಿ ಕಣದ ಹತ್ರ ಡಬ್ಬಿ ಇಡಿ, ಕೇಳದೆ ತಗೊಂಡು ಹೋಗೋ ಹಾಗಿರಬೇಕು.

ಹೆಜ್ಜೆ 7: ಗರ್ಭಪಾತ, ಚಿಕ್ಕ ವಯಸ್ಸಿನವರು

ಇದು ಮಾತಾಡೋಕೆ ಕಷ್ಟದ ವಿಷಯ, ಆದ್ರೆ ನಿಮ್ಮ ಬಾಗಿಲಿಗೆ ಬರೋದು ಖಂಡಿತ. 1971ರ ಕಾಯ್ದೆ, 2021ರ ತಿದ್ದುಪಡಿ ಪ್ರಕಾರ ಕಾನೂನು ಹೇಳಿರೋ ಕಾರಣಗಳಿಗೆ 20 ವಾರದವರೆಗೆ ಒಬ್ಬ ಅರ್ಹ ಡಾಕ್ಟರ್ ಅಭಿಪ್ರಾಯ ಸಾಕು, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ಡಾಕ್ಟರ್. ಮದುವೆಯಾಗದವರಿಗೂ ಇದು ಅನ್ವಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. 18 ತುಂಬಿದ್ರೆ ಅವಳ ಒಪ್ಪಿಗೆ ಒಂದೇ ಸಾಕು. ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ಕಿಟ್ ತಂದು ನುಂಗಿ ರಕ್ತ ನಿಲ್ಲದೆ ಬಂದ್ರೆ ಬೈಯೋಕೆ ಹೋಗ್ಬೇಡಿ, ಮೊದಲು ಆಸ್ಪತ್ರೆ. ಹೆಣ್ಣು ಮಗು ಅಂತ ಗೊತ್ತಾಗಿ ತೆಗೆಸೋಕೆ ಬಂದವರ ಜೊತೆ ಮಾತ್ರ ನಿಲ್ಲಬೇಡಿ, ಲಿಂಗ ಪತ್ತೆ 1994ರ ಕಾಯ್ದೆ ಪ್ರಕಾರ ಅಪರಾಧ.

18ರ ಒಳಗಿನ ಹುಡುಗಿ ಬಸಿರಾಗಿದ್ರೆ ಪೋಕ್ಸೊ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ ಬರುತ್ತೆ, ಗೊತ್ತಿದ್ದೂ ತಿಳಿಸದೇ ಇರೋದೂ ಅಪರಾಧ, "ಮದುವೆ ಆಗಿದೆ" ಅಂದ್ರೂ ಅಷ್ಟೇ, ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಹುಡುಗಿಗೆ ಹೆದರಿಸದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಜೊತೆಗೆ ಇರಿ. ಚಿಕಿತ್ಸೆ ಯಾವುದಕ್ಕೂ ನಿಲ್ಲಬಾರದು. ಹದಿಹರೆಯದವರ ಉಳಿದ ಪ್ರಶ್ನೆಗಳಿಗೆ, ಮುಟ್ಟಿನ ನೋವು, ಬಿಳಿ ಹೋಗೋದು, ಹುಡುಗರ ಅನುಮಾನಗಳು, ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ ಇದೆ.

ಹೆಜ್ಜೆ 8: ಗರ್ಭಕೋಶ ಉಳಿಸೋದೂ ನಿಮ್ಮ ಕೆಲಸವೇ

ಸ್ವಲ್ಪ ಬಿಳಿ ಹೋದ್ರೆ, ಮುಟ್ಟಿನ ರಕ್ತ ಜಾಸ್ತಿ ಆದ್ರೆ "ತೆಗೆಸ್ಬಿಡು, ಹೇಗಿದ್ರೂ ಆಪರೇಷನ್ ಆಗಿದೆ, ಇನ್ನ್ಯಾಕೆ ಅದು" ಅನ್ನೋ ಮಾತು ನಮ್ಮ ಕಡೆ ಬಾಳ ಸಲೀಸು. ಪಕ್ಕದ ಹಾವೇರಿ ಜಿಲ್ಲೆಲಿ ಬೇಕಿಲ್ಲದೆ ಗರ್ಭಕೋಶ ತೆಗೆದ ಪ್ರಕರಣ ದೊಡ್ಡ ಸುದ್ದಿ ಆಗಿ ಹೆಣ್ಮಕ್ಕಳು ಬೀದಿಗಿಳಿದಿದ್ರು. ಯಾರಾದ್ರೂ ಹಾಗೆ ಬಂದ್ರೆ ಸಾಲ ಮಾಡೋಕೆ ಮುಂಚೆ ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ತಗೊಳ್ಳೋಕೆ ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ. ಬಿಳಿ ಹೋಗೋದಕ್ಕೆ ಬಹಳ ಸಲ ಮಾತ್ರೆಲೇ ವಾಸಿಯಾಗೋ ಸೋಂಕು ಕಾರಣ, ಗಂಡನಿಗೂ ಜೊತೆಗೇ ಚಿಕಿತ್ಸೆ ಬೇಕಾಗಬಹುದು. 30 ವರ್ಷ ದಾಟಿದವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಹೆಣ್ಮಕ್ಕಳು ಒಬ್ಬೊಬ್ಬರೇ ಹೋಗೋಕೆ ನಾಚ್ಕೊತಾರೆ, ಆಟೋ ಮಾಡ್ಕೊಂಡು ಐದಾರು ಜನ ಒಟ್ಟಿಗೆ ಹೋದ್ರೆ ನಗ್ತಾ ಹೋಗಿ ಬರ್ತಾರೆ.

ಹೆಜ್ಜೆ 9: ದುಡ್ಡು, ಲೆಕ್ಕ, ಟಾರ್ಗೆಟ್

ಖರ್ಚು ಅಂದ್ರೆ ಓಡಾಟ, ಫೋನ್ ರೀಚಾರ್ಜ್, ನೋಟ್‌ಬುಕ್, ಬಡವರ ಜೊತೆ ಹೋದಾಗ ಊಟ. ಸದಸ್ಯರ ತಿಂಗಳ ವಂತಿಗೆ, ಊರಿನ ಅಡಿಕೆ ಮಂಡಿಯವರ, ಮಿಲ್ ಮಾಲೀಕರ ಸಹಾಯದಲ್ಲಿ ಮೊದಲ ವರ್ಷ ನಡೆಯುತ್ತೆ. ಕೊಡೋರು "ಈ ವರ್ಷ ಇಷ್ಟು ಆಪರೇಷನ್ ಮಾಡಿಸ್ತೀರಾ" ಅಂತ ಕೇಳಿದ್ರೆ ಆ ದುಡ್ಡು ತಗೋಬೇಡಿ. ತಲೆ ಲೆಕ್ಕ ಶುರುವಾದ ದಿನ ನಿಮ್ಮವರೇ ಹೆಣ್ಮಕ್ಕಳಿಗೆ ಬೇಡದ್ದನ್ನ ಒತ್ತಾಯ ಮಾಡೋಕೆ ಶುರು ಮಾಡ್ತಾರೆ. ವರ್ಷದ ಕೊನೇಲಿ ವರದಿ ಬರೆಯೋವಾಗ ಎಷ್ಟು ಜನ ಶುರು ಮಾಡಿದ್ರು ಅನ್ನೋದರ ಪಕ್ಕದಲ್ಲೇ ಎಷ್ಟು ಜನ ಬಿಟ್ರು, ಯಾಕೆ ಬಿಟ್ರು, ಬಿಟ್ಟವರಿಗೆ ಬೇರೆ ವಿಧಾನ ಸಿಕ್ತಾ ಅನ್ನೋ ಮೂರು ಕಾಲಂ ಹಾಕಿ, ಅದರ ಒಂದು ಪ್ರತಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗೆ ಕೊಡಿ. ಸ್ಟಾಕ್ ಇಲ್ಲದೆ ಎಷ್ಟು ಜನ ವಾಪಸ್ ಬಂದ್ರು ಅನ್ನೋದನ್ನೂ ಅದರಲ್ಲೇ ತಾರೀಖು ಸಮೇತ ಬರ್ದಿದ್ರೆ, ಮುಂದಿನ ಸ್ಟಾಕ್ ಬೇಡಿಕೆ (ಇಂಡೆಂಟ್) ಹಾಕೋವಾಗ ಅವರಿಗೂ ಆಧಾರ ಸಿಗುತ್ತೆ.